ಪರದೆ ಅಂಟಿದೆ ಅಂತಾರೆ, ಅಕ್ಷರ ಕಾಣ್ತಿಲ್ಲ: ಸಿಲಿಕಾನ್ ಎಣ್ಣೆ ಹಾಕಿದ ಕಣ್ಣಿಗೆ ದೃಷ್ಟಿ ಎಷ್ಟು ವಾಪಸ್ ಬರುತ್ತೆ?

ತುಂಗಾತೀರ ಕೇಳಿದ್ದು:

ಡಿಸ್ಚಾರ್ಜ್ ಚೀಟಿಯಲ್ಲೂ ಫಾಲೋಅಪ್ ಪುಸ್ತಕದಲ್ಲೂ ಇರುವುದನ್ನು ಇದ್ದ ಹಾಗೇ ಹಾಕುತ್ತಿದ್ದೇನೆ. ಗೊತ್ತಿರುವವರು ಬಿಡಿಸಿ ಹೇಳಿ.

ರೋಗಿ ನಮ್ಮ ಚಿಕ್ಕಪ್ಪ, 58 ವರ್ಷ. ಸಕ್ಕರೆ ಕಾಯಿಲೆ ಇಲ್ಲ. ಮೊದಲಿನಿಂದಲೂ ಎರಡೂ ಕಣ್ಣಿಗೆ −3.00 ಕನ್ನಡಕ. ಬಲಗಣ್ಣಿನಲ್ಲಿ ಕೆಳಗಡೆ, ಮೂಗಿನ ಕಡೆಯಿಂದ ನೆರಳು ಏರಿಕೊಂಡು ಬಂತು. ಮೂರನೇ ದಿನಕ್ಕೆ ನಡುದೃಷ್ಟಿ ಹೋಯಿತು. ಅದಾಗಿ 9ನೇ ದಿನ ಆಪರೇಷನ್. ಆಗಿನ ದೃಷ್ಟಿ: ಅರ್ಧ ಮೀಟರ್‌ನಲ್ಲಿ ಬೆರಳೆಣಿಕೆ.

ಚೀಟಿಯಲ್ಲಿ: ರೆಟಿನಲ್ ಡಿಟ್ಯಾಚ್‌ಮೆಂಟ್ (ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಕಳಚಿದೆ), ಮ್ಯಾಕ್ಯುಲಾ ಆಫ್ (ಪರದೆಯ ನಡುಭಾಗವೂ ಕಳಚಿದೆ), ಮೇಲೆ ಕಿವಿಯ ಕಡೆ ಒಂದು ಹರಕು, ಪಿವಿಆರ್ (ಪರದೆಯ ಮೇಲೆ ಗಾಯದ ಅಂಗಾಂಶ) ಶುರುವಾಗಿದೆ. 25 ಗೇಜ್ ವಿಟ್ರೆಕ್ಟಮಿ (ಸಣ್ಣ ತೂತಿನಿಂದ ಕಣ್ಣೊಳಗಿನ ವಿಟ್ರಿಯಸ್ ಲೋಳೆ ತೆಗೆಯುವುದು), ಎಂಡೋಲೇಸರ್ (ಕಣ್ಣೊಳಗಿಂದಲೇ ಲೇಸರ್), ಪರದೆಗೆ ಆಸರೆಯಾಗಿ 1000 ಸೆಂಟಿಸ್ಟೋಕ್ (ಎಣ್ಣೆಯ ಮಂದತೆಯ ಅಳತೆ) ಸಿಲಿಕಾನ್ ಎಣ್ಣೆ. ಬಕಲ್ (ಕಣ್ಣುಗುಡ್ಡೆಯ ಹೊರಗೆ ಸುತ್ತುವ ಪಟ್ಟಿ) ಹಾಕಿಲ್ಲ. ಸ್ವಂತ ಮಸೂರ ಹಾಗೇ ಇದೆ.

ಈಗ 6 ವಾರ. "ಓನ್ ಗ್ಲಾಸ್ 3/60, ಪಿನ್‌ಹೋಲ್ 6/36" ಎಂದು ಬರೆದಿದ್ದಾರೆ (3/60 ಅಂದರೆ 60 ಮೀಟರಿನಿಂದ ಕಾಣಬೇಕಾದ ಅಕ್ಷರ 3 ಮೀಟರಿನಿಂದ ಕಂಡಿದೆ). ಒತ್ತಡ ಬಲಗಣ್ಣು 28, ಎಡಗಣ್ಣು 16. ಓಸಿಟಿಯಲ್ಲಿ (ಪರದೆಯ ಪದರಗಳನ್ನು ತೋರಿಸುವ ಸ್ಕ್ಯಾನ್) ಮ್ಯಾಕ್ಯುಲಾ ಅಂಟಿದೆ, ಎಲಿಪ್ಸಾಯ್ಡ್ ಝೋನ್ ನಡುವೆ ತುಂಡಾಗಿದೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಡ್ರಾಪ್ಸ್ ಇನ್ನೂ ದಿನಕ್ಕೆ 6 ಸಲ ನಡೆದಿದೆ.

ಕೇಳಬೇಕಾದ್ದು ನಾಲ್ಕು. ಪರದೆ ಅಂಟಿದ್ದರೆ ಕಾಣುವುದಿಲ್ಲ ಯಾಕೆ? ಎಷ್ಟರ ಮಟ್ಟಿಗೆ ಸುಧಾರಿಸಬಹುದು, ಎಷ್ಟು ತಿಂಗಳು ಕಾಯಬೇಕು? ಎಣ್ಣೆ ಯಾವಾಗ ತೆಗೆಯುತ್ತಾರೆ, ತೆಗೆದರೆ ದೃಷ್ಟಿ ಏರುತ್ತಾ? ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದಂತೆ, ಅದು ಹೋಗುತ್ತಾ?

---

ಮೂರು_ತೂತು ಬರೆದದ್ದು:

"ಅಂಟಿದೆ" ಎನ್ನುವುದು ಜಾಗದ ಮಾತು, "ಕಾಣುತ್ತದೆ" ಎನ್ನುವುದು ಜೀವಕೋಶದ ಮಾತು. ಸರ್ಜನ್ ಮೊದಲನೆಯದನ್ನು ಹೇಳುತ್ತಾರೆ, ಮನೆಯವರಿಗೆ ಎರಡನೆಯದು ಕೇಳಿಸುತ್ತದೆ. ಅರ್ಧ ಜಗಳ ಹುಟ್ಟುವುದು ಇಲ್ಲಿಂದಲೇ.

ರೆಟಿನಾದ ಹೊರಪದರದಲ್ಲಿರುವ ಬೆಳಕು ಹಿಡಿಯುವ ಕೋಶಗಳಿಗೆ ಆಮ್ಲಜನಕ, ಆಹಾರ ಎರಡೂ ಬರುವುದು ಹಿಂದುಗಡೆಯ ಕೊರಾಯ್ಡ್ ಪದರದಿಂದ. ಪರದೆ ಕಳಚಿ ನಡುವೆ ನೀರು ತುಂಬಿದರೆ ಆ ಪೂರೈಕೆ ನಿಲ್ಲುತ್ತದೆ. ರೆಟಿನಾದ ಬೇರೆ ಭಾಗಕ್ಕೆ ಒಳಗಡೆ ತನ್ನದೇ ರಕ್ತನಾಳಗಳಾದರೂ ಇವೆ. ಮ್ಯಾಕ್ಯುಲಾದ ನಟ್ಟನಡುವೆ, ನಾವು ಓದಲು ಬಳಸುವ ಅರ್ಧ ಮಿಲಿಮೀಟರಿನಷ್ಟು ಜಾಗದಲ್ಲಿ, ಅದೂ ಇಲ್ಲ. ಹಾಗಾಗಿ ಮೊದಲು ಬಾಡುವುದು ಅದೇ. ಕೋಶ ಸಾಯುವುದು ಮೊದಲ ಎರಡು ಮೂರು ದಿನಗಳಲ್ಲೇ ಜೋರಾಗಿರುತ್ತದೆ. ಮ್ಯಾಕ್ಯುಲಾ ಕಳಚಿ 3 ದಿನದೊಳಗೆ ಆಪರೇಷನ್ ಆದವರಿಗೂ 7 ದಿನ ದಾಟಿದವರಿಗೂ ಫಲಿತಾಂಶ ಬೇರೆ ಆಗುವುದು ಇದರಿಂದ. ನಿಮ್ಮದು 9 ದಿನ. ಕೆಟ್ಟು ಹೋದ ಗುಂಪಲ್ಲ, ಉತ್ತಮ ಗುಂಪೂ ಅಲ್ಲ.

ಸತ್ತ ಕೋಶ ವಾಪಸ್ ಬರುವುದಿಲ್ಲ. ಆದರೆ ಬದುಕುಳಿದ ಕೋಶ ತನ್ನ ಉದುರಿದ ತುದಿಯನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ಓಸಿಟಿಯಲ್ಲಿ "ಎಲಿಪ್ಸಾಯ್ಡ್ ಝೋನ್" ಎಂದು ಬಿಳಿ ಗೆರೆಯಾಗಿ ಕಾಣುವುದು ಈ ತುದಿಗಳ ಬುಡದ ಸಾಲು. 6 ವಾರಕ್ಕೆ ಅದು ತುಂಡಾಗಿ ಕಂಡರೆ ತೀರ್ಪು ಬರೆದುಬಿಡಬೇಡಿ. 3ನೇ ತಿಂಗಳು, 6ನೇ ತಿಂಗಳು ಅದೇ ಯಂತ್ರದಲ್ಲಿ ಅದೇ ಜಾಗದ ಸ್ಕ್ಯಾನ್ ಮಾಡಿಸಿ ಪಕ್ಕಪಕ್ಕ ಇಟ್ಟು ನೋಡಿ. ತುಂಡಾದ ಗೆರೆ ಕೂಡಿಕೊಳ್ಳುತ್ತಿದ್ದರೆ ದೃಷ್ಟಿಯೂ ಏರುವ ಸಂಭವ ಹೆಚ್ಚು. 6 ತಿಂಗಳಾದರೂ ಅಗಲ ಅಷ್ಟೇ ಇದ್ದರೆ ನಡುದೃಷ್ಟಿಯ ಮಿತಿ ಹೆಚ್ಚುಕಡಿಮೆ ಅಲ್ಲೇ ನಿಂತಿತು ಎಂದು ತಿಳಿಯಬೇಕು. ಏರಿಕೆಯ ದೊಡ್ಡ ಪಾಲು ಮೊದಲ 3 ತಿಂಗಳಲ್ಲಿ, ಆಮೇಲೆ ನಿಧಾನವಾಗಿ ಒಂದು ವರ್ಷದವರೆಗೆ, ಕೆಲವರಲ್ಲಿ ಅದರಾಚೆಗೂ.

ಚೌಕಟ್ಟು ಸೊಟ್ಟ ಕಾಣುವುದಕ್ಕೆ ಕಾರಣ ಎರಡಿರಬಹುದು. ಒಂದು, ಪರದೆ ಮತ್ತೆ ಅಂಟುವಾಗ ಕೂದಲೆಳೆಯಷ್ಟು ಜರುಗಿ ಅಂಟಿರುವುದು. ಇದು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಎಂದು ಹೇಳಲಾಗದು. ಇನ್ನೊಂದು, ಮ್ಯಾಕ್ಯುಲಾದ ಮೇಲೆ ತೆಳು ಪೊರೆ ಬೆಳೆದು ಸುಕ್ಕು ಎಳೆಯುವುದು. ಇದು ಹೆಚ್ಚುತ್ತಾ ಹೋಗುತ್ತದೆ. ಹೇಗೆ ಗುರುತಿಸುವುದೆಂದರೆ, ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕದ ಹಾಳೆಯಲ್ಲಿ 10 ಸೆಂ.ಮೀ. ಉದ್ದಗಲದ ಚೌಕ ಗುರುತಿಸಿ, ನಡುವೆ ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, 30 ಸೆಂ.ಮೀ. ದೂರದಿಂದ ಚುಕ್ಕೆಯನ್ನೇ ನೋಡುತ್ತಾ ಎಲ್ಲಿ ಗೆರೆ ಬಾಗುತ್ತದೋ ಅಲ್ಲಿ ಅವರೇ ಪೆನ್ಸಿಲಿನಿಂದ ಗೀಚಲಿ. ತಾರೀಖು ಹಾಕಿ ಇಡಿ. ವಾರಕ್ಕೊಂದು ಹಾಳೆ ಸಾಕು. ಗೀಚಿದ ಜಾಗ ದೊಡ್ಡದಾಗುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ.

ಚೀಟಿಯಲ್ಲಿ ನನ್ನ ಕಣ್ಣು ನಿಂತದ್ದು ಒತ್ತಡದ ಮೇಲೆ. 28 ಎಂಬುದು ಇವತ್ತೇ ಕುರುಡು ಮಾಡುವ ಅಂಕಿ ಅಲ್ಲ, ಬಿಟ್ಟುಬಿಡುವ ಅಂಕಿಯೂ ಅಲ್ಲ. ಸಾಮಾನ್ಯ ಮಿತಿ 10ರಿಂದ 21. 6 ವಾರ ಸ್ಟೀರಾಯ್ಡ್ ಡ್ರಾಪ್ಸ್ ದಿನಕ್ಕೆ 6 ಸಲ ಬಿದ್ದಿದೆ ಎಂದರೆ ಮೊದಲ ಅನುಮಾನ ಅದರ ಮೇಲೆಯೇ ಹೋಗಬೇಕು. ಸಾಮಾನ್ಯವಾಗಿ ಈ ಹೊತ್ತಿಗೆ ವಾರಕ್ಕೊಂದರಂತೆ ಇಳಿಸಿ ನಿಲ್ಲಿಸುವ ಹಂತ ಬಂದಿರುತ್ತದೆ. ಚೀಟಿಯಲ್ಲಿ "6-5-4-3-2-1" ಎಂದು ಬರೆದದ್ದನ್ನು ಯಾರೋ 6 ಎಂದಷ್ಟೇ ಓದಿಕೊಂಡಿರುವುದೂ ಉಂಟು, ಒಮ್ಮೆ ನೋಡಿ. ನೀವಾಗಿಯೇ ನಿಲ್ಲಿಸಬೇಡಿ. ಇವತ್ತು ಫೋನ್ ಮಾಡಿ ಕೇಳಿ. ಒತ್ತಡ ಇಳಿಸಲು ಟಿಮೋಲಾಲ್ ಕೊಟ್ಟರೆ, ಉಬ್ಬಸ ಅಥವಾ ನಾಡಿ ನಿಧಾನದ ತೊಂದರೆ ಇದ್ದರೆ ಮೊದಲೇ ಹೇಳಿ. ಆಪ್ಟಿಕ್ ನರ ಹಾಳಾದರೆ ಮೇಲೆ ಹೇಳಿದ ಯಾವ ಚೇತರಿಕೆಗೂ ಅರ್ಥವಿಲ್ಲ.

ಎಣ್ಣೆಯ ವಿಷಯ ಆಮೇಲೆ ಬರೆಯುತ್ತೇನೆ. ದೃಷ್ಟಿಯ ಅಂಕಿ ಬಗ್ಗೆ ಆಪ್ಟೋಮೆಟ್ರಿಯವರು (ಕನ್ನಡಕದ ನಂಬರ್ ಅಳೆಯುವವರು) ಹೇಳಲಿ, ಅಲ್ಲಿ ಏನೋ ಎಡವಟ್ಟಿದೆ.

---

ಟ್ರಯಲ್_ಫ್ರೇಮ್_ಧಾರವಾಡ ಬರೆದದ್ದು:

ಎಡವಟ್ಟು ಅಲ್ಲೇ ಅದ ನೋಡ್ರಿ, "ಓನ್ ಗ್ಲಾಸ್" ಅನ್ನೋ ಎರಡು ಶಬ್ದದಾಗ. ಹಳೇ −3.00 ಕನ್ನಡಕ ಹಾಕ್ಕೊಂಡು ಚಾರ್ಟ್ ಓದಿದ್ದು 3/60. ಆದ್ರ ಆ ಕಣ್ಣು ಈಗ −3.00 ಇಲ್ಲೇ ಇಲ್ಲ.

ಲೆಕ್ಕ ಹಿಂಗ ಅದ. ಕಣ್ಣಿನೊಳಗಿನ ವಿಟ್ರಿಯಸ್‌ನ ವಕ್ರೀಭವನ ಸೂಚ್ಯಂಕ 1.336, ಸಿಲಿಕಾನ್ ಎಣ್ಣೀದು ಸುಮಾರು 1.40. ಮಸೂರದ ಬೆನ್ನು ಹಿಂದಕ್ಕ ಉಬ್ಬಿರ್ತದ, ಅದಕ್ಕ ಹತ್ತಿ ಕೂತ ಎಣ್ಣೀ ಮುಖ ತಗ್ಗಾಗ್ತದ. ತಗ್ಗಾದ ಮುಖ ಅಂದ್ರ ಮೈನಸ್ ಗಾಜು ಇಟ್ಟಂಗ. ಮಸೂರ ಇದ್ದ ಕಣ್ಣಿಗೆ ಎಣ್ಣೀ ಹಾಕಿದ್ರ ನಂಬರು +5ರಿಂದ +7ರಷ್ಟು ಪ್ಲಸ್ ಕಡೆ ಜಿಗೀತದ. −3.00 ಇದ್ದವರು ಈಗ +3.00ರ ಸುತ್ತಮುತ್ತ ಇರಬೇಕು. ಅವರು ಹಾಕ್ಕೊಂಡಿದ್ದು −3.00. ಅಂದ್ರ ಕಣ್ಣಿಗೆ ಬೇಕಾದ್ದಕ್ಕೂ ಮುಂದ ಇರೋ ಗಾಜಿಗೂ 6 ಡಯಾಪ್ಟರ್ ವ್ಯತ್ಯಾಸ. ಚೊಲೋ ಕಣ್ಣಿಗೆ ಅಷ್ಟು ತಪ್ಪು ಗಾಜು ಹಾಕಿದ್ರೂ 3/60ಕ್ಕ ಇಳೀತದ. ಬಕಲ್ ಪಟ್ಟಿ ಹಾಕಿದ್ರ ಕಣ್ಣು ಉದ್ದ ಆಗಿ ಮೈನಸ್ ಕಡೆ ಒಂದೆರಡು ನಂಬರ್ ವಾಪಸ್ ಎಳೀತಿತ್ತು, ಇವರಿಗೆ ಅದೂ ಇಲ್ಲ.

ಪಿನ್‌ಹೋಲ್ 6/36 ಅಂದ್ರ ಇನ್ನೊಂದು ಸುಳಿವು. ಸಣ್ಣ ತೂತಿನಾಗ ಓದಿದಾಗ ಸುಧಾರಿಸ್ತು ಅಂದ್ರ ಮಸುಕಿನ ಒಂದು ಪಾಲು ಪರದೇದಲ್ಲ, ಗಾಜಿಂದು. ಆದ್ರ ಪಿನ್‌ಹೋಲ್ 3–4 ಡಯಾಪ್ಟರ್ ತನಕ ಪೂರ್ತಿ ತಿದ್ದತದ, 6 ಇದ್ರ ಅರ್ಧಂಬರ್ಧ. ಅಂದ್ರ 6/36 ಸಹಿತ ಕೊನೇ ಮಾತಲ್ಲ.

ಮನ್ಯಾಗ ನೋಡಬೇಕಂದ್ರ ವಿಸಿಟಿಂಗ್ ಕಾರ್ಡಿಗೆ ಗುಂಡುಸೂಜಿ ಚುಚ್ಚಿ ಸ್ವಲ್ಪ ತಿರುವಿ 1 ಮಿ.ಮೀ. ತೂತು ಮಾಡ್ರಿ. ಅಂಚಿನ ಪಿಸುರು ಉಗುರಿಲೆ ತಗೀರಿ, ಇಲ್ಲಾಂದ್ರ ಅದೇ ಅಡ್ಡ ಬರ್ತದ. ಕನ್ನಡಕ ತಗದು, ಎಡಗಣ್ಣು ಅಂಗೈಲೆ ಮುಚ್ಚಿ, ಬೆಳಕು ಬಿದ್ದ ಕ್ಯಾಲೆಂಡರಿನ ದೊಡ್ಡ ತಾರೀಖು ಓದಸ್ರಿ. ಕನ್ನಡಕ ಹಾಕಿದ್ದಕ್ಕಿಂತ ತಗದಾಗ ಚೊಲೋ ಕಂಡ್ರ ನಾ ಹೇಳಿದ್ದು ಖರೆ ಅಂತ ತಿಳೀರಿ.

ಆಪ್ಟೋಮೆಟ್ರಿ ರೂಮಿನಾಗ ಇಷ್ಟು ಕೇಳ್ರಿ: ಆಟೋರಿಫ್ರ್ಯಾಕ್ಟೋಮೀಟರ್ (ತಾನ ನಂಬರ್ ಹೇಳೋ ಯಂತ್ರ) ಅಂಕಿ ಒಂದರ ಮ್ಯಾಲೆ ಕೂಡಬ್ಯಾಡ್ರಿ, ಎಣ್ಣೀ ಕಣ್ಣಿಗೆ ಅದು ಒಮ್ಮೊಮ್ಮೆ "ಎರರ್" ಅಂತದ ಇಲ್ಲಾ ಹುಚ್ಚುಹುಚ್ಚು ನಂಬರ್ ಕೊಡತದ. ರೆಟಿನೋಸ್ಕೋಪಿ (ಕಣ್ಣಿಗೆ ಬೆಳಕು ಬಿಟ್ಟು ಕೈಲೆ ನಂಬರ್ ನೋಡೂದು) ಮಾಡ್ರಿ, ಗಾಜು ಬದಲಿಸಿ ನೋಡೋ ಟ್ರಯಲ್ ಫ್ರೇಮ್‌ನಾಗ +3.00ನಿಂದ ಶುರು ಮಾಡ್ರಿ. ರೋಗೀನ ನೆಟ್ಟಗ ಕೂಡಸ್ರಿ, ಯಾಕಂದ್ರ ಎಣ್ಣೀ ಪೂರ್ತಿ ತುಂಬಿರೂದಿಲ್ಲ, ತಲಿ ಹಿಂದಕ್ಕ ಒರಗಿಸಿದ್ರ ಮುಂದಕ್ಕ ಸರದು ನಂಬರ್ ಬದಲಾಗ್ತದ. ಒಂದೊಂದು ಅಕ್ಷರಕ್ಕ ಟೈಮ್ ಕೊಡ್ರಿ. ನಡುವ ಕಲೆ ಇರೋ ಕಣ್ಣು ಸ್ವಲ್ಪ ಓರೆ ಮಾಡಿ ಹುಡುಕಿ ಓದತದ, ಅವಸರ ಮಾಡಿದ್ರ ಎರಡು ಸಾಲು ಸುಮ್ಮನ ಕಳಕೋತೀರಿ.

ಹಂಗಂತ ಇವತ್ತೇ ಕನ್ನಡಕ ಮಾಡಸಬ್ಯಾಡ್ರಿ. ಎಡಗಣ್ಣು −3, ಬಲಗಣ್ಣು +3 ಹಾಕಿದ್ರ ಎರಡು ಕಣ್ಣಿನ ಚಿತ್ರದ ಅಳತಿ ನೂರಕ್ಕ ಹತ್ತರ ಹತ್ತಿರ ಹೆಚ್ಚುಕಮ್ಮಿ ಆಗ್ತದ. ಮೆದುಳಿಗೆ ಅದು ಕೂಡಸಾಕ ಆಗೂದಿಲ್ಲ, ತಲಿ ತಿರಗತದ, ಮೆಟ್ಟಲ ಇಳಿಯೂದ ಕಷ್ಟ. ಎಣ್ಣೀ ತಗದ ಮ್ಯಾಲೆ ನಂಬರ್ ಮತ್ತ ಬದಲಾಗೂದದ, ರೊಕ್ಕ ದಂಡ. ಅಲ್ಲೀತನಕ ಬಲಗಣ್ಣಿನ ಮುಂದ ಸಾದಾ ಗಾಜು, ಎಡಕ್ಕ ಹಳೇ ನಂಬರ್ ಸಾಕು. ಎಡಗಣ್ಣು ಮೊದಲೇ ಹೋಗಿದ್ದವರಿಗೆ ಮಾತ್ರ ಮಾತು ಬ್ಯಾರೆ, ಅವರಿಗೆ ತಾತ್ಪೂರ್ತಿಕ ಪ್ಲಸ್ ಕನ್ನಡಕ ಮಾಡಸಲೇಬೇಕು.

---

ತುಂಗಾತೀರ:

ಸರ್, ನೀವು ಹೇಳಿದ ಹಾಗೇ ಆಯಿತು. ಕನ್ನಡಕ ತೆಗೆದು ತೂತಿನಲ್ಲಿ ನೋಡಿದಾಗ ಕ್ಯಾಲೆಂಡರಿನ ತಾರೀಖು ಓದಿದರು. ನಿನ್ನೆ ಆಸ್ಪತ್ರೆಯಲ್ಲಿ +3.25 ಇಟ್ಟು ನೋಡಿದರು, 6/24 ಪೂರ್ತಿ, 6/18ರಲ್ಲಿ ಎರಡು ಅಕ್ಷರ. ಡ್ರಾಪ್ಸ್ ವಿಷಯವೂ ಹೌದು, ಇಳಿಸುತ್ತಾ ಬರಬೇಕಿತ್ತು, ಚೀಟಿಯ ಹಿಂಬದಿಯಲ್ಲಿ ಬರೆದಿದ್ದರು. ಈಗ ಬೇರೆ ಸೌಮ್ಯ ಸ್ಟೀರಾಯ್ಡ್ ದಿನಕ್ಕೆ 2 ಸಲ, ಜೊತೆಗೆ ಟಿಮೋಲಾಲ್ ದಿನಕ್ಕೆ 2 ಸಲ. ಎರಡು ವಾರ ಬಿಟ್ಟು ಒತ್ತಡ ನೋಡುತ್ತಾರಂತೆ.

ಮನೆಯಲ್ಲಿ ಈಗ ಬೇರೆ ವಾದ: ಬದನೆಕಾಯಿ ನಂಜು, ಟಿವಿ ಬೇಡ, ಮೂರು ತಿಂಗಳು ತಲೆಗೆ ನೀರು ಬೇಡ. ಇದರಲ್ಲಿ ಎಷ್ಟು ನಿಜ?

---

ಓಟಿ_ಸಿಸ್ಟರ್_ಕುಡ್ಲ ಬರೆದದ್ದು:

ಬದನೆಕಾಯಿಗೂ ಕಣ್ಣಿನ ಪರದೆಗೂ ಸಂಬಂಧ ಇಲ್ಲ ಮಾರಾಯ್ರೆ, ಧಾರಾಳ ತಿನ್ನಲಿ. ಟಿವಿ ನೋಡಿದರೆ, ಪೇಪರ್ ಓದಿದರೆ ಪರದೆ ಕಳಚುವುದಿಲ್ಲ. ಗಾಯ ಮಾಗುವ ಮೊದಲ ಎರಡು ವಾರ ಕಣ್ಣಿನೊಳಗೆ ನೀರು, ಸಾಬೂನು ಹೋಗಬಾರದು, ಅಷ್ಟೆ. ಆರು ವಾರ ಆದವರು ತಲೆಸ್ನಾನ ಮಾಡಬಹುದು.

ನಿಜವಾಗಿ ಬೇಡದ್ದು ಬೇರೆ ಉಂಟು, ಅದನ್ನು ಯಾರೂ ಕೇಳುವುದಿಲ್ಲ. ಎಣ್ಣೆ ಇರುವಷ್ಟು ದಿನ ಅಂಗಾತ ಮಲಗಬಾರದು. ಸಿಲಿಕಾನ್ ಎಣ್ಣೆ ನೀರಿಗಿಂತ ಹಗುರ, ತೇಲುತ್ತದೆ. ಅಂಗಾತ ಮಲಗಿದರೆ ಕಣ್ಣಿನ ಮುಂಭಾಗವೇ ಮೇಲೆ, ಎಣ್ಣೆ ಅಲ್ಲಿಗೆ ಬಂದು ಮಸೂರಕ್ಕೆ ಒತ್ತಿಕೊಂಡು ಕೂರುತ್ತದೆ, ಪರದೆಗೆ ಬೇಕಾದ ಆಸರೆ ತಪ್ಪುತ್ತದೆ. ಡಾಕ್ಟರು ಹೇಳಿದ ಮಗ್ಗುಲಲ್ಲಿ ಮಲಗಲಿ. ರಾತ್ರಿ ಹೊರಳದ ಹಾಗೆ ಬೆನ್ನಿಗೆ ಒಂದು ಸುತ್ತಿದ ಚಾದರ ಕೊಟ್ಟರೆ ಸಾಕು.

ಡ್ರಾಪ್ಸ್: ಎರಡು ಬಾಟಲಿ ನಡುವೆ 5 ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ. ಪ್ರೆಡ್ನಿಸೊಲೋನ್ ಅಸಿಟೇಟ್ ಇದ್ದರೆ ಕುಲುಕಿಯೇ ಹಾಕಬೇಕು, ಮದ್ದು ತಳದಲ್ಲಿ ಕೂತಿರುತ್ತದೆ. ಕುಲುಕದೆ ಹಾಕಿದರೆ ಮೊದಲ ವಾರ ಬರೀ ನೀರು, ಕೊನೆಯ ವಾರ ಬರೀ ಮದ್ದು. ಟಿಮೋಲಾಲ್ ಹಾಕಿದ ಮೇಲೆ ಮೂಗಿನ ಬುಡದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ, ಗಂಟಲಿಗೆ ಇಳಿದು ಮೈಗೆ ಹತ್ತುವುದು ಕಡಿಮೆ.

ಇನ್ನೊಂದು. ಕನ್ನಡಿ ಮುಂದೆ ನಿಂತು ಕರಿಗುಡ್ಡೆಯ ಮೇಲಂಚು ನೋಡಿ. ರೆಪ್ಪೆ ಎತ್ತಿದಾಗ ಅಲ್ಲಿ ಬಿಳಿ ಮಣಿಗಳ ಪಟ್ಟಿ ಕಂಡರೆ ಎಣ್ಣೆ ಒಡೆದು ಮುಂಭಾಗಕ್ಕೆ ಬಂದಿದೆ ಎಂದು. ಕೀವಾದರೆ ಕೆಳಗೆ ಕೂರುತ್ತದೆ, ಎಣ್ಣೆಯಾದರೆ ಮೇಲೆ ತೇಲುತ್ತದೆ. ಎರಡೂ ಆಸ್ಪತ್ರೆಗೆ ಓಡಬೇಕಾದ ವಿಷಯವೇ. ಕೀವು, ಜೊತೆಗೆ ನೋವು, ಕೆಂಪು, ದೃಷ್ಟಿ ಇಳಿಕೆ ಇದ್ದರೆ ಆ ಗಂಟೆಯಲ್ಲೇ ಹೊರಡಿ.

---

ಘಟ್ಟದ_ಮೇಲೆ ಕೇಳಿದ್ದು:

ಇದೇ ಎಳೆಯಲ್ಲಿ ಒಂದು ಪ್ರಶ್ನೆ. ಎಣ್ಣೆ ಅಲ್ಲ, ಗ್ಯಾಸ್. ಮ್ಯಾಕ್ಯುಲರ್ ಹೋಲ್‌ಗೆ (ಮ್ಯಾಕ್ಯುಲಾದ ನಡುವಿನ ತೂತು) ಮಂಗಳೂರಲ್ಲಿ ಆಪರೇಷನ್, ಸಿ3ಎಫ್8 ಎಂಬ ಗ್ಯಾಸ್ ಹಾಕುತ್ತಾರಂತೆ. ಮನೆ ಮಡಿಕೇರಿ. ನಾಲ್ಕನೇ ದಿನ ಕಾರಲ್ಲಿ ವಾಪಸ್ ಬರಬಹುದಾ? ವಿಮಾನ ಬೇಡ ಅಂತ ಗೊತ್ತು, ಘಟ್ಟದ ಬಗ್ಗೆ ಯಾರೂ ಹೇಳಿಲ್ಲ.

---

ಓಟಿ_ಸಿಸ್ಟರ್_ಕುಡ್ಲ:

ಬರಬೇಡಿ. ಕೇಳಿದ್ದು ಒಳ್ಳೆಯದಾಯಿತು.

ಲೆಕ್ಕ ನೋಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್. ಅಲ್ಲಿ ಗಾಳಿಯ ಒತ್ತಡ ಮಂಗಳೂರಿನದರ ನೂರಕ್ಕೆ 87 ಪಾಲು. ಕಣ್ಣಿನೊಳಗೆ 4 ಮಿ.ಲೀ. ಜಾಗ, ಅದರಲ್ಲಿ 2 ಮಿ.ಲೀ. ಗ್ಯಾಸ್ ಇದ್ದರೂ ಮೇಲೆ ಹೋದಾಗ ಅದಕ್ಕೆ 2.3 ಮಿ.ಲೀ. ಜಾಗ ಬೇಕು. ಕಣ್ಣು ಬಲೂನಿನ ಹಾಗೆ ಹಿಗ್ಗುವುದಿಲ್ಲ. ಆ 0.3 ಮಿ.ಲೀ. ದ್ರವ ಹೊರಗೆ ಹೋಗಿ ಜಾಗ ಬಿಡಬೇಕು, ಅದು ಸಹಜವಾಗಿ ಹೋಗುವುದು ನಿಮಿಷಕ್ಕೆ ಎರಡು ಎರಡೂವರೆ ಮೈಕ್ರೋಲೀಟರ್. ಅಂದರೆ ಎರಡು ಗಂಟೆ. ಸಂಪಾಜೆ ದಾಟಿ ಕಾರು ಏರುವುದು ಅದಕ್ಕಿಂತ ಬೇಗ. ನಾಲ್ಕನೇ ದಿನ ಗ್ಯಾಸ್ 2 ಅಲ್ಲ, 3 ಮಿ.ಲೀ.ಗೂ ಹೆಚ್ಚಿರುತ್ತದೆ. ಒತ್ತಡ ಏರಿ ನೋವು, ವಾಂತಿ, ಕೊನೆಗೆ ರೆಟಿನಾಕ್ಕೆ ರಕ್ತ ನಿಲ್ಲುವುದು.

ಮೂರು ದಾರಿ ಉಂಟು. ಗ್ಯಾಸ್ ಹೋಗುವ ತನಕ ಕೆಳಗೆ ನೆಂಟರ ಮನೆಯಲ್ಲಿ ಉಳಿಯುವುದು. ಇಲ್ಲವೇ ಸಣ್ಣ ಹೋಲ್ ಆದರೆ ಕಡಿಮೆ ದಿನದ ಗ್ಯಾಸ್ ಸಾಕೇ ಎಂದು ಸರ್ಜನ್ ಹತ್ತಿರ ಮೊದಲೇ ಮಾತಾಡುವುದು: ಬರೀ ಗಾಳಿ ಒಂದು ವಾರದೊಳಗೆ ಹೋಗುತ್ತದೆ, 20% ಎಸ್‌ಎಫ್6 ಸುಮಾರು ಎರಡು ವಾರ, 14% ಸಿ3ಎಫ್8 ಆರರಿಂದ ಎಂಟು ವಾರ. ಅದೂ ಅಲ್ಲದಿದ್ದರೆ ನಿಮ್ಮೂರಿನಷ್ಟೇ ಎತ್ತರದ ಊರಲ್ಲಿ ಆಪರೇಷನ್ ಮಾಡಿಸುವುದು. ಬೆಂಗಳೂರು ಸುಮಾರು 900 ಮೀಟರ್, ಅಲ್ಲಿಂದ ಮಡಿಕೇರಿಗೆ ವ್ಯತ್ಯಾಸ ಕಮ್ಮಿ. ಬೆಂಗಳೂರಿನಿಂದ ಊಟಿ ಮಾತ್ರ ಬೇಡ, ಅದು 2,200 ದಾಟುತ್ತದೆ, ವಿಮಾನದ ಕ್ಯಾಬಿನ್ ಲೆಕ್ಕಕ್ಕೇ ಬಂದ ಹಾಗೆ.

ಗ್ಯಾಸ್ ಎಷ್ಟು ಉಳಿದಿದೆ ಎಂದು ರೋಗಿಗೇ ಗೊತ್ತಾಗುತ್ತದೆ. ಮೊದಲು ಎಲ್ಲವೂ ಮಂಜು, ಕೈ ಆಡಿಸಿದ್ದು ಮಾತ್ರ ತಿಳಿಯುತ್ತದೆ. ಆಮೇಲೆ ಮೇಲಿನಿಂದ ತಿಳಿಯಾಗುತ್ತಾ ಒಂದು ಗೆರೆ ಕೆಳಗಿಳಿಯುತ್ತದೆ. ಗ್ಯಾಸ್ ಕಣ್ಣಿನ ಮೇಲ್ಭಾಗದಲ್ಲಿ ಇದ್ದರೂ ನೋಟದಲ್ಲಿ ತಲೆಕೆಳಗಾಗಿ ಕೆಳಗೆ ಕಾಣುವುದು. ತಲೆ ಓರೆ ಮಾಡಿದರೆ ಗಾರೆಯವರ ರಸಮಟ್ಟದ ಗುಳ್ಳೆಯ ಹಾಗೆ ಗೆರೆ ಮಟ್ಟಕ್ಕೇ ನಿಲ್ಲುತ್ತದೆ. ಕೊನೆಗೆ ಬುಡದಲ್ಲಿ ಒಂದು ಕರಿ ಗುಂಡು, ಅದು ಎರಡು ಮೂರಾಗಿ ಒಡೆದು ಒಂದು ಬೆಳಿಗ್ಗೆ ಇರುವುದಿಲ್ಲ. ಗುಂಡು ಹೋದರೂ ಡಾಕ್ಟರು ನೋಡಿ ಹೂಂ ಅಂದ ಮೇಲೆಯೇ ಘಟ್ಟ.

ಕಣ್ಣಲ್ಲಿ ಗ್ಯಾಸ್ ಇದೆ ಎಂದು ಬರೆದು ಕೈಗೆ ಕಟ್ಟಿದ ಪಟ್ಟಿ ಕತ್ತರಿಸಬೇಡಿ. ಗ್ಯಾಸ್ ಇರುವಾಗ ಬೇರೆ ಯಾವುದಾದರೂ ಆಪರೇಷನ್‌ಗೆ ನೈಟ್ರಸ್ ಆಕ್ಸೈಡ್ ಕೊಟ್ಟರೆ ಅದು ಗುಳ್ಳೆಯೊಳಗೆ ನುಗ್ಗಿ ಕಣ್ಣು ಹೋಗುತ್ತದೆ. ಅಪಘಾತ ಆಗಿ ಮಾತಾಡಲು ಆಗದಿದ್ದಾಗ ಆ ಪಟ್ಟಿಯೇ ಮಾತಾಡುವುದು. ಬೋರಲು ಮಲಗಲು ಹೇಳಿದ ದಿನಗಳಲ್ಲಿ ಗಂಟೆಗೆ 50 ನಿಮಿಷ ಬೋರಲು, 10 ನಿಮಿಷ ಊಟ, ಶೌಚ, ಡ್ರಾಪ್ಸ್.

ಎಣ್ಣೆಯವರಿಗೆ ಈ ಘಟ್ಟ, ವಿಮಾನದ ಭಯ ಇಲ್ಲ. ದ್ರವ ಹಿಗ್ಗುವುದಿಲ್ಲ. ಆದರೆ ಅವರೂ ಚೀಟಿ ಜೇಬಲ್ಲಿ ಇಟ್ಟುಕೊಳ್ಳಲಿ. ತಲೆಯ ಸಿಟಿ ಸ್ಕ್ಯಾನ್‌ನಲ್ಲಿ ಸಿಲಿಕಾನ್ ಎಣ್ಣೆ ಬೆಳ್ಳಗೆ ಕಾಣುತ್ತದೆ, ಗೊತ್ತಿಲ್ಲದವರು ಕಣ್ಣೊಳಗೆ ರಕ್ತ ಎಂದು ಬರೆದುಬಿಡಬಹುದು.

---

ಮೂರು_ತೂತು ಮತ್ತೆ:

ಮ್ಯಾಕ್ಯುಲರ್ ಹೋಲ್‌ನವರಿಗೆ ಒಂದು ಮಾತು ಸೇರಿಸುತ್ತೇನೆ. ವಿಟ್ರೆಕ್ಟಮಿ ಒಂದೇ ಹೆಸರು, ಆದರೆ ಯಾವ ರೋಗಕ್ಕೆ ಮಾಡಿದ್ದು ಎಂಬುದರ ಮೇಲೆ ದೃಷ್ಟಿಯ ಗತಿ ಬೇರೆ. ಸಕ್ಕರೆ ಕಾಯಿಲೆಯಲ್ಲಿ ಬರೀ ರಕ್ತ ತುಂಬಿದ್ದು, ಹಿಂದಿನ ಮ್ಯಾಕ್ಯುಲಾ ಚೆನ್ನಾಗಿದ್ದರೆ ಕೆಲವೇ ದಿನಗಳಲ್ಲಿ ಕಿಟಕಿಯ ಬಟ್ಟೆ ಸರಿಸಿದಂತೆ ಕಾಣುತ್ತದೆ. ಅದೇ ಕಾಯಿಲೆಯಲ್ಲಿ ಮ್ಯಾಕ್ಯುಲಾಕ್ಕೆ ರಕ್ತನಾಳವೇ ಒಣಗಿದ್ದರೆ ಎಷ್ಟು ಅಚ್ಚುಕಟ್ಟಾಗಿ ಆಪರೇಷನ್ ಮಾಡಿದರೂ ಅಂಕಿ ಮೇಲೇಳದು. ಸುಕ್ಕಿನ ಪೊರೆ ತೆಗೆದವರಿಗೆ ಸೊಟ್ಟ ಕಾಣುವುದು ಮೊದಲು ಕಡಿಮೆಯಾಗುತ್ತದೆ, ಅಕ್ಷರದ ಸಾಲು ಆರು ತಿಂಗಳಿಂದ ವರ್ಷದವರೆಗೆ ನಿಧಾನ ಏರುತ್ತದೆ. ಹೋಲ್ ಮುಚ್ಚುವುದು ಈಗ ಹತ್ತರಲ್ಲಿ ಒಂಬತ್ತು ಕಣ್ಣಲ್ಲಿ ಆಗುತ್ತದೆ. ಮುಚ್ಚಿದ ದಿನವೇ ಓದಲು ಬರುತ್ತದೆ ಎಂದುಕೊಳ್ಳಬೇಡಿ.

ಈಗ ತುಂಗಾತೀರ ಅವರ ಎಣ್ಣೆಗೆ ಬರೋಣ. 6/24, 6/18ರಲ್ಲಿ ಎರಡಕ್ಷರ ಎಂದರೆ 6 ವಾರಕ್ಕೆ, 9 ದಿನ ಕಳಚಿದ್ದ ಮ್ಯಾಕ್ಯುಲಾಕ್ಕೆ, ಎಣ್ಣೆಯ ಮೂಲಕ ನೋಡುವಾಗ ಒಳ್ಳೆಯ ಅಂಕಿ. ಇಲ್ಲಿಂದ ಒಂದೆರಡು ಸಾಲು ಏರುವುದು ನಿರೀಕ್ಷೆಗೆ ಮೀರಿದ್ದಲ್ಲ. 6/6 ಕೇಳಬೇಡಿ.

ತೆಗೆಯುವುದು ಸಾಮಾನ್ಯವಾಗಿ 3ರಿಂದ 6 ತಿಂಗಳ ನಡುವೆ. ಬೇಗ ತೆಗೆಯಲು ಯಾಕೆ ಹಿಂಜರಿಕೆ ಎಂದರೆ ಪಿವಿಆರ್. ಪರದೆಯ ಮೇಲೆ ಗಾಯದ ಅಂಗಾಂಶ ಬೆಳೆದು ಎಳೆಯುವ ಆಟ ಮೊದಲ ಎರಡು ಮೂರು ತಿಂಗಳಲ್ಲಿ ಜೋರು. ಎಣ್ಣೆ ತೇಲುವುದರಿಂದ ಮೇಲ್ಭಾಗಕ್ಕೆ ಗಟ್ಟಿ ಆಸರೆ, ಕೆಳಭಾಗಕ್ಕೆ ಅಷ್ಟಿಲ್ಲ. ಮತ್ತೆ ಕಳಚುವುದಾದರೆ ಬಹುಪಾಲು ಕೆಳಗಿನಿಂದ, ರೋಗಿಗೆ ನೆರಳು ಮೇಲುಗಡೆ ಕಾಣುತ್ತದೆ. ಮನೆಯವರು ವಾರಕ್ಕೊಮ್ಮೆ ಮೇಲುಗಡೆ ಕೈ ಆಡಿಸಿ ಕೇಳುವುದು ಒಳ್ಳೆಯ ರೂಢಿ. ತಡವಾಗಿ ತೆಗೆದರೆ ಎಣ್ಣೆ ಹಾಲಿನಂತೆ ಒಡೆದು ಒತ್ತಡ ಏರಿಸುತ್ತದೆ, ಕಾರ್ನಿಯಾಗೆ ತಾಗಿದರೆ ಅಲ್ಲಿ ಬಿಳಿ ಪಟ್ಟಿ ಕಟ್ಟುತ್ತದೆ. ಒತ್ತಡ 28 ಬಂದ ಕಣ್ಣಿಗೆ 6 ತಿಂಗಳ ಅಂಚಿನ ತನಕ ಎಳೆಯುವುದು ನನಗೆ ಸರಿ ಕಾಣದು. ಪರದೆ ಸುತ್ತಲೂ ಚೆನ್ನಾಗಿ ಅಂಟಿದ್ದು, ಲೇಸರ್ ಗುರುತು ಕಪ್ಪಾಗಿದ್ದರೆ 3–4 ತಿಂಗಳಿಗೆ ಕೇಳಿ.

ಆ ಹೊತ್ತಿಗೆ ಮಸೂರದ ಪೊರೆಯೂ (ಕ್ಯಾಟರಾಕ್ಟ್) ಬಲಿತಿರುತ್ತದೆ. 50 ದಾಟಿದವರಿಗೆ ವಿಟ್ರೆಕ್ಟಮಿ ಆದ ಎರಡು ವರ್ಷದೊಳಗೆ ಪೊರೆ ಬರುವುದು ಬಹುತೇಕ ಖಚಿತ, ಎಣ್ಣೆ ಇದ್ದರೆ ಇನ್ನೂ ಬೇಗ. ಹಾಗಾಗಿ ಪೊರೆ ಆಪರೇಷನ್, ಎಣ್ಣೆ ತೆಗೆಯುವುದು ಎರಡನ್ನೂ ಒಂದೇ ಸಲ ಮಾಡುವುದು ನಮ್ಮ ಕಡೆ ರೂಢಿ. ಎಡವುವುದು ಆಗ ಒಳಗೆ ಹಾಕುವ ಕೃತಕ ಮಸೂರದ ನಂಬರ್ ಲೆಕ್ಕದಲ್ಲಿ. ಶಬ್ದದಿಂದ ಅಳೆಯುವ ಎ-ಸ್ಕ್ಯಾನ್ ಯಂತ್ರ, ಕಣ್ಣೊಳಗೆ ಶಬ್ದ ಸೆಕೆಂಡಿಗೆ 1,532 ಮೀಟರ್ ಹೋಗುತ್ತದೆ ಎಂದು ನಂಬಿಕೊಂಡಿರುತ್ತದೆ. 1000 ಸೆಂಟಿಸ್ಟೋಕ್ ಎಣ್ಣೆಯಲ್ಲಿ ಅದರ ವೇಗ 980 ಮಾತ್ರ. ತಿದ್ದದೆ ಅಳೆದರೆ 24 ಮಿ.ಮೀ. ಕಣ್ಣು 32–33 ಎಂದು ಬರುತ್ತದೆ, ಆ ಅಳತೆಗೆ ಹಾಕಿದ ಮಸೂರ ರೋಗಿಯ ಕೈಗೆ ದಪ್ಪ ಪ್ಲಸ್ ಕನ್ನಡಕ ಕೊಡುತ್ತದೆ. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಬಯೋಮೆಟ್ರಿ, ಅದರಲ್ಲಿ "ಸಿಲಿಕಾನ್ ಆಯಿಲ್" ಆಯ್ಕೆ ಒತ್ತಿಯೇ ಅಳೆಯಬೇಕು. ಎಡಗಣ್ಣಿನ ಅಳತೆಯನ್ನೂ ತೆಗೆಯಿರಿ. ಮೊದಲು ಎರಡೂ −3.00 ಇದ್ದವು ಎಂದರೆ ಉದ್ದ ಹತ್ತಿರಹತ್ತಿರ ಇರಬೇಕು, ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಲಿ.

ಗುರಿ ಯಾವ ನಂಬರ್ ಎಂದು ನೀವೇ ಬಾಯಿಬಿಟ್ಟು ಕೇಳಿ. ಎಡಗಣ್ಣು −3.00 ಇರುವಾಗ ಬಲಕ್ಕೆ ಸೊನ್ನೆ ಗುರಿ ಇಟ್ಟರೆ ಎರಡೂ ಹೊಂದದೆ ಮತ್ತೆ ಅದೇ ತಲೆತಿರುಗು. −2.00ರಿಂದ −2.50 ಉಳಿಸಿದರೆ ಜೋಡಿ ಕೂಡುತ್ತದೆ, ಹತ್ತಿರದ್ದು ಬರಿಗಣ್ಣಿಗೆ ಕಾಣುತ್ತದೆ. ಹೈಡ್ರೋಫೋಬಿಕ್ ಅಕ್ರಿಲಿಕ್ ಏಕಕೇಂದ್ರ ಮಸೂರ ಸಾಕು. ಸಿಲಿಕಾನ್ ಮಸೂರ ಬೇಡ, ಎಣ್ಣೆ ಅದಕ್ಕೆ ಅಂಟಿ ಬಿಡುವುದಿಲ್ಲ. ದುಬಾರಿ ಮಲ್ಟಿಫೋಕಲ್ ಈ ಕಣ್ಣಿಗೆ ದಂಡ, ಪೆಟ್ಟು ತಿಂದ ಮ್ಯಾಕ್ಯುಲಾಕ್ಕೆ ಬರುವ ಬೆಳಕನ್ನು ಮತ್ತೆ ಹಂಚಿ ತೆಳುವಾಗಿಸುತ್ತದೆ.

ತೆಗೆಯುವ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸುವಾಗ ಓದಿ ನೋಡಿ, ಎರಡು ವಿಷಯ ಇರಲೇಬೇಕು. ಎಣ್ಣೆ ತೆಗೆದ ಮೇಲೆ ಪರದೆ ಮತ್ತೆ ಕಳಚುವ ಸಾಧ್ಯತೆ. ಇನ್ನೊಂದು, ಅಪರೂಪಕ್ಕೆ ಪರದೆ ಅಂಟಿಯೇ ಇದ್ದು, ಓಸಿಟಿಯೂ ಹೆಚ್ಚುಕಡಿಮೆ ಸರಿಯಿದ್ದು, ಎಣ್ಣೆ ಇದ್ದಾಗ ಅಥವಾ ತೆಗೆದ ಮೇಲೆ ದೃಷ್ಟಿ ಹಲವು ಸಾಲು ಬಿದ್ದುಹೋಗುವುದು. ಇದಕ್ಕೆ ಕಾರಣ ಇನ್ನೂ ಗಟ್ಟಿಯಾಗಿ ಇತ್ಯರ್ಥವಾಗಿಲ್ಲ. ಹಾಗಾಗಿ ತೆಗೆಯುವ ಹಿಂದಿನ ವಾರ ಸರಿಯಾದ ಗಾಜು ಇಟ್ಟು ದೃಷ್ಟಿ ಬರೆಸಿ, ಓಸಿಟಿ ತೆಗೆಸಿ. "ಓನ್ ಗ್ಲಾಸ್ 3/60" ಎಂಬ ಸಾಲನ್ನು ಹಿಡಿದುಕೊಂಡು ಆಮೇಲೆ ಏರಿತೋ ಇಳಿಯಿತೋ ಎಂದು ಅಳೆಯಲು ಆಗುವುದಿಲ್ಲ.

ಎಡಗಣ್ಣನ್ನು ಯಾರಾದರೂ ಪಾಪೆ ಅಗಲಿಸಿ, ಅಂಚು ಒತ್ತಿ ನೋಡಿದ್ದಾರಾ? ಒಂದು ಕಣ್ಣು ಕಳಚಿದವರಲ್ಲಿ ಇನ್ನೊಂದು ಕಳಚುವುದು ಹತ್ತರಲ್ಲಿ ಒಂದರಷ್ಟು, ಅದೂ ಮೈನಸ್ ನಂಬರಿನವರು. ತೆಳುವಾದ ಜಾಗ ಅಥವಾ ತೂತು ಇದ್ದರೆ ಹೊರರೋಗಿಯಾಗಿಯೇ ಲೇಸರ್ ಮುಗಿಯುತ್ತದೆ.

---

ತುಂಗಾತೀರ:

ಎಡಗಣ್ಣು ಆಪರೇಷನ್ ದಿನ ನೋಡಿದ್ದಾರೆ, "ಲ್ಯಾಟಿಸ್, ಬ್ಯಾರೇಜ್ ಲೇಸರ್ ಮಾಡಿದೆ" (ಪರದೆ ತೆಳುವಾದ ಜಾಗ, ಅದರ ಸುತ್ತ ಲೇಸರ್) ಎಂದು ಬರೆದಿದೆ. ಒಂದೇ ಸಣ್ಣ ಪ್ರಶ್ನೆ ಉಳಿಯಿತು. ಎಣ್ಣೆ ಪೂರ್ತಿ ಹೊರಗೆ ಬರುತ್ತದಾ?

---

ಮೂರು_ತೂತು:

ಮುಕ್ಕಾಲು ಮೂರುವೀಸ ಬರುತ್ತದೆ. ಗಾಳಿ ಹಾಯಿಸಿ, ನೀರು ಹಾಯಿಸಿ ಎರಡು ಮೂರು ಸಲ ತೊಳೆದರೂ ಮೂಲೆಯಲ್ಲಿ ಸಣ್ಣ ಹನಿಗಳು ಉಳಿಯುತ್ತವೆ. ನೆಟ್ಟಗೆ ಕೂತಾಗ ಅವು ಕಣ್ಣಿನ ಮೇಲ್ಭಾಗಕ್ಕೆ ತೇಲಿ, ನೋಟದ ಕೆಳ ಅಂಚಿನಲ್ಲಿ ಅಂಚು ಕಪ್ಪಗಿರುವ ಗಾಜಿನ ಮಣಿಗಳ ಹಾಗೆ ಕಾಣುತ್ತವೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಅಥವಾ ತಟ್ಟೆ ಕಡೆ ತಲೆ ಬಗ್ಗಿಸಿದಾಗ ಕಣ್ಣಿನ ಹಿಂಭಾಗ ಮೇಲಾಗುತ್ತದಲ್ಲ, ಆಗ ಮಣಿಗಳು ಅಲ್ಲಿಗೇ ಏರಿ ನೋಟದ ನಡುವೆ ಬಂದು ಕೂರುತ್ತವೆ, ತಲೆ ಎತ್ತಿದರೆ ಮತ್ತೆ ಕೆಳಗೆ. ಹೀಗೆ ತಲೆಯ ಜೊತೆ ಏರಿಳಿಯುವ ದುಂಡು ಮಣಿ ಆದರೆ ಎಣ್ಣೆ, ಬಿಟ್ಟುಬಿಡಿ. ತಲೆ ಹೇಗೆ ತಿರುಗಿಸಿದರೂ ಒಂದೇ ಕಡೆ ನಿಂತ ನೆರಳು, ಅಥವಾ ಇದ್ದಕ್ಕಿದ್ದಂತೆ ಮಸಿ ಸುರಿದ ಹಾಗೆ ಚುಕ್ಕಿಗಳು ಬಂದರೆ ಅದು ಎಣ್ಣೆಯಲ್ಲ, ಅದೇ ದಿನ ತೋರಿಸಿ.